ಹನ್ನೊಂದು ಮೊಳದ ಗಾಳದ ಕೋಲು

“ಗುರುಗಳೇ, ಪ್ರವಚನ ಎಷ್ಟು ಉದ್ದ ಇರಬೇಕು?” ಎಂದು ಶಿಷ್ಯ ಕೇಳಿದ.

ಮರುದಿನ ಅವನು ಮೊದಲ ಸಲ ಜನರ ಮುಂದೆ ಕೂತು ಮಾತಾಡಬೇಕಾಗಿತ್ತು. ಹೊಳೆಯಾಚೆಯ ಕುಂಬಾರರ ಕೇರಿಯವರು ಗುರುಗಳನ್ನು ಕರೆದಿದ್ದರು. ಈ ಸಲ ನನ್ನ ಶಿಷ್ಯ ಬರುತ್ತಾನೆ ಎಂದು ಗುರುಗಳು ಹೇಳಿ ಕಳಿಸಿದ್ದರು. ಗುರುಗಳು ಮಾತಿಗೆ ಕೂತರೆ ಒಂದು ಜಾವ, ಅಂದರೆ ಪೂರ್ತಿ ಮೂರು ಗಂಟೆ, ಯಾರೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ಆ ಒಂದು ಜಾವದ ಮಾತನ್ನು ಶಿಷ್ಯ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದ. ಗುರುಗಳು ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ನಗುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು. ಎಲ್ಲಿ ಕೆಮ್ಮುತ್ತಾರೆ ಎಂಬುದನ್ನೂ ಕಲಿತಿದ್ದ.

ಕೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ಉತ್ತರ ಅವನ ಹತ್ತಿರ ಆಗಲೇ ಇತ್ತು. ಬೇಕಾಗಿದ್ದದ್ದು ಒಂದು ಶಹಭಾಸ್. ಗುರುಗಳು ಅದನ್ನು ಕೊಡಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ದೊಡ್ಡ ಕೆರೆ ಇತ್ತು. ಅದರ ದಡದಲ್ಲಿ ಒಬ್ಬ ಬೆಸ್ತನಿದ್ದ. ಅವನ ಹತ್ತಿರ ಹನ್ನೊಂದು ಮೊಳದ ಒಂದು ಗಾಳದ ಕೋಲು ಇತ್ತು. ಅವನ ಅಪ್ಪ ಕಡಿದ ಕೋಲು. ಬುಡದಿಂದ ತುದಿಯತನಕ ಒಂದೇ ಬಿದಿರು. ನಡುವೆ ಎಲ್ಲೂ ಜೋಡಿಸಿಲ್ಲ, ಕಟ್ಟಿಲ್ಲ. ಆ ಅಪ್ಪ ಎತ್ತರದ ಆಳು, ತೋಳು ಉದ್ದ. ತೂಬಿನ ಕಲ್ಲಿನ ಮೇಲೆ ನಿಂತು ಆ ಕೋಲನ್ನು ಬೀಸಿದರೆ ಬೇರೆ ಯಾರ ಗಾಳವೂ ಮುಟ್ಟದ ನೀರನ್ನು ಅವನ ಗಾಳ ಮುಟ್ಟುತ್ತಿತ್ತಂತೆ.

ಅಪ್ಪ ಹೋದ. ಕೋಲು ಮಗನಿಗೆ ಬಂತು. ಮಗ ಅದನ್ನು ಹೊತ್ತು ಕೇರಿಯಲ್ಲಿ ಬರುವಾಗ ಜನ ದಾರಿ ಬಿಡುತ್ತಿದ್ದರು. ಬಿಡದೆ ವಿಧಿಯಿರಲಿಲ್ಲ. ಕೇರಿಯ ತಿರುವಿನಲ್ಲಿ ಆ ಕೋಲು ತಿರುಗುತ್ತಿರಲಿಲ್ಲ. ಒಬ್ಬರ ಜಗಲಿ ಹತ್ತಬೇಕು, ಇನ್ನೊಬ್ಬರ ಮಾಡಿನ ಹಂಚು ತಪ್ಪಿಸಬೇಕು. ಎಷ್ಟೋ ದಿನ ಯಾರೋ ಒಣಗಲು ಹಾಕಿದ ಸೀರೆ ಕೋಲಿನ ತುದಿಗೆ ಸಿಕ್ಕಿಕೊಂಡು ಅವನ ಜೊತೆ ಕೆರೆಯತನಕ ಹೋಗಿದ್ದುಂಟು. ಸೀರೆಯವಳು ಹಿಂದೆಯೇ ಓಡಿ ಬಂದು ಬೈದರೆ ಅವನು ಬೇಸರ ಪಡುತ್ತಿರಲಿಲ್ಲ. ಗಿಡ್ಡ ಕೋಲಿನವರನ್ನು ಯಾರು ಬೈಯುತ್ತಾರೆ?

ಹೆಮ್ಮೆ ಪಡಬಾರದು ಎಂದು ನಾನು ಹೇಳಲು ಹೊರಟಿದ್ದೇನೆ ಅಂದುಕೊಳ್ಳಬೇಡ. ಹಾಗೆ ಹೇಳುವವರ ಹತ್ತಿರ ಹೆಮ್ಮೆ ಪಡುವಂಥದ್ದು ಏನೂ ಇರುವುದಿಲ್ಲ. ಕೈಯಲ್ಲಿ ಕಸುಬಿರುವವನಿಗೆ ಹೆಮ್ಮೆ ಇರಬೇಕು. ಅದು ಹೋದರೆ ಕಸುಬೂ ಹೋಗುತ್ತದೆ. ಈ ಕತೆಯಲ್ಲಿ ಇಬ್ಬರು ಹೆಮ್ಮೆಯವರಿದ್ದಾರೆ. ಒಬ್ಬ ಈ ಬೆಸ್ತ. ಇನ್ನೊಬ್ಬಳು ಆಮೇಲೆ ಬರುತ್ತಾಳೆ.

ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಮಳೆ ಹಿಡಿದು, ಕೆರೆ ತುಂಬಿ, ಕೋಡಿ ಬಿದ್ದ ಒಂಬತ್ತನೆಯ ದಿನ ಮೊದಲ ಮೀನು ಹಿಡಿಯಬೇಕು. ಅದನ್ನು ಕೆರೆಯ ಯಜಮಾನನೇ ಹಿಡಿಯಬೇಕು, ಬಲೆ ಹಾಕದೆ ಗಾಳದಲ್ಲೇ ಹಿಡಿಯಬೇಕು. ಅದು ಕುಚ್ಚು ಮೀನೇ ಆಗಬೇಕು. ಕುಚ್ಚು ಮೀನು ಎಂದರೆ ಜೊಂಡಿನ ಬುಡದಲ್ಲಿ ಅಡಗಿ, ಆಗಾಗ ಮೇಲೆ ಬಂದು ಗುಳುಂ ಎಂದು ಗಾಳಿ ನುಂಗಿ ಹೋಗುವ ಮೀನು. ಸಿಕ್ಕಿದರೆ ಸುಮ್ಮನೆ ಬರುವುದಿಲ್ಲ, ಎಳೆದು ಆಡಿಸುತ್ತದೆ. ಹಿಡಿದ ಮೀನು ಯಜಮಾನನ ಮೊಳಕ್ಕಿಂತ ಕಡಿಮೆ ಇರಬಾರದು. ಅವನ ಮುಂಗೈಯ ಮೇಲೆ ಮಲಗಿಸಿ ಎಲ್ಲರೂ ನೋಡಬೇಕು. ಸೂರ್ಯ ನೆತ್ತಿಯಿಂದ ಇಳಿಯುವುದರೊಳಗೆ ಇಷ್ಟೂ ಆಗಬೇಕು. ಆಗದಿದ್ದರೆ ಯಜಮಾನಿಕೆ ಆಚೆ ದಡದವರಿಗೆ ಹೋಗುತ್ತದೆ.

ಯಜಮಾನಿಕೆ ಎಂದರೆ ಸಣ್ಣ ಮಾತಲ್ಲ. ಯಾರ ಗಾಳ ಎಲ್ಲಿ, ಯಾರ ಬಲೆ ಯಾವಾಗ, ಯಾವ ತಿಂಗಳು ಯಾರೂ ಕೆರೆಗೆ ಇಳಿಯಬಾರದು, ಎಲ್ಲವನ್ನೂ ಯಜಮಾನ ಹೇಳಬೇಕು. ಜಗಳ ಬಂದರೆ ಅವನೇ ಬಗೆಹರಿಸಬೇಕು. ಬೆಸ್ತನ ಅಜ್ಜನಿಗೆ ಅದು ಇತ್ತು, ಅಪ್ಪನಿಗೆ ಇತ್ತು, ಈಗ ಇವನಿಗೆ ಇತ್ತು. ಈ ದಡದ ಕೇರಿಯವರು ತಲೆ ಎತ್ತಿಕೊಂಡು ಓಡಾಡುತ್ತಿದ್ದದ್ದು ಅದರಿಂದ.

ಅವನಲ್ಲಿ ಒಂದು ನೋವೂ ಇತ್ತು. ಅವನು ಅಪ್ಪನ ಹಾಗೆ ಎತ್ತರ ಬೆಳೆದಿರಲಿಲ್ಲ. ತಾಯಿಯ ಕಡೆಯವರ ಮೈಕಟ್ಟು ಬಂದಿತ್ತು. ಗಿಡ್ಡ, ಗಟ್ಟಿ, ತೋಳು ಮೋಟು. ಅಪ್ಪನ ಕೋಲು ಬಂತು, ಅಪ್ಪನ ಕೈ ಬರಲಿಲ್ಲ ಎಂದು ಒಬ್ಬ ಮುದುಕ ಹಿಂದೊಮ್ಮೆ ನಗುತ್ತ ಹೇಳಿದ್ದ. ಮುದುಕ ಸತ್ತು ಎಷ್ಟೋ ವರ್ಷವಾಗಿತ್ತು, ಆ ಮಾತು ಸತ್ತಿರಲಿಲ್ಲ. ಅಂದಿನಿಂದ ಬೆಸ್ತ ನಾಲ್ಕು ಜನರ ಮುಂದೆ ಕೈ ಚಾಚಿ ಏನನ್ನೂ ಅಳೆಯುತ್ತಿರಲಿಲ್ಲ. ಕೋಲಿನ ಬುಡದಲ್ಲಿ ಅಪ್ಪ ತನ್ನ ಮೊಳದ ಒಂದು ಗುರುತು ಕೊರೆದಿದ್ದ. ಮೊದಲ ಮೀನನ್ನು ಮಗ ಆ ಗುರುತಿಗೆ ಹಿಡಿದು ಅಳೆಯುತ್ತಿದ್ದ. ಅದು ಅವನ ಸ್ವಂತ ಮೊಳಕ್ಕಿಂತ ನಾಲ್ಕು ಬೆರಳು ಜಾಸ್ತಿ ಇತ್ತು. ಜಾಸ್ತಿ ಇದ್ದದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

ಆದರೆ ವರ್ಷದಿಂದ ವರ್ಷಕ್ಕೆ ಅವನಿಗೆ ಮೀನು ಕಡಿಮೆಯಾಗುತ್ತ ಬಂತು. ಮೊದಲ ಮೀನು ಸಿಗುವುದೂ ತಡವಾಗುತ್ತ ಬಂತು. ಕೆರೆ ಕೆಟ್ಟಿದೆ ಎಂದು ಅವನು ಹೇಳುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಹೆಂಗಸರು ನೀರಿನ ಕಟ್ಟೆಯ ಹತ್ತಿರ ಮಾತಾಡಿಕೊಂಡರು. ಅವನ ಎದುರಿಗೆ ಯಾರೂ ಹೇಳಲಿಲ್ಲ.

ಒಂದು ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಬೆಸ್ತ ಕೋಲನ್ನು ಅಟ್ಟದಿಂದ ಇಳಿಸಿದ. ಬುಡ ಅವನ ಕೈಯಲ್ಲೇ ಹಿಟ್ಟಿನ ಹಾಗೆ ಉದುರಿತು. ಒಳಗೆಲ್ಲ ಹುಳ ತಿಂದಿತ್ತು. ಅಪ್ಪನ ಗುರುತೂ ಅದರ ಜೊತೆ ಹೋಯಿತು. ಅವನು ಆ ದಿನ ಉಣ್ಣಲಿಲ್ಲ. ಇನ್ನು ಎಂಟು ದಿನ ಉಳಿದಿತ್ತು.

ಊರ ಅಂಚಿನಲ್ಲಿ ಒಬ್ಬಳು ಮೇದರ ಮುದುಕಿ ಇದ್ದಳು. ಬುಟ್ಟಿ, ಮೊರ ಹೆಣೆಯುವವರು ಆ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದರು. ಗಾಳದ ಕೋಲು ಮಾಡುವವಳು ಇವಳೊಬ್ಬಳೇ. ಒಲೆಯ ಮೇಲಿನ ಅಟ್ಟದಲ್ಲಿ ಬಿದಿರನ್ನು ಎರಡು ವರ್ಷ ಹೊಗೆಗೆ ಒಣಗಿಸುತ್ತಿದ್ದಳು. ಕೆಂಡದ ಮೇಲೆ ಕಾಯಿಸಿ, ಎಣ್ಣೆ ಸವರಿ, ಮೊಣಕಾಲಿಗೆ ಒತ್ತಿ ನೇರ ಮಾಡುತ್ತಿದ್ದಳು. ಅವಳ ಕೋಲು ಮುರಿಯಿತು ಎಂದವರನ್ನು ಯಾರೂ ಕಂಡಿರಲಿಲ್ಲ. ಅದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ನಾನು ಹೇಳಿದ ಇನ್ನೊಬ್ಬಳು ಇವಳೇ.

ಬೆಸ್ತ ಅವಳ ಅಂಗಳಕ್ಕೆ ಹೋಗಿ, ಹನ್ನೊಂದು ಮೊಳದ ಕೋಲು ಬೇಕು ಎಂದ.

ಅವಳು ಹೆಣೆಯುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. “ಯಾರ ಮೊಳ?” ಎಂದಳು.

“ನಮ್ಮಪ್ಪನ ಮೊಳ.”

“ಕೋಲು ಹಿಡಿಯೋಕೆ ನಿಮ್ಮಪ್ಪ ಬರ್ತಾನಾ?”

ಮುದುಕಿ ಕೈ ಒರೆಸಿಕೊಂಡು ಎದ್ದಳು. ಕೈ ಚಾಚಪ್ಪ, ಅಳೀತೀನಿ ಎಂದಳು. ಅವನು ಕೈಯನ್ನು ಹೆಗಲ ವಸ್ತ್ರದೊಳಗೆ ಎಳೆದುಕೊಂಡ. ನಾನು ಅಂಗಿ ಹೊಲಿಸಲು ಬಂದಿಲ್ಲ ಎಂದು ಸಿಡುಕಿದ. ಅವಳು ಮತ್ತೆ ಕೇಳಲಿಲ್ಲ. ಎಲ್ಲಿ ನಿಂತು ಗಾಳ ಹಾಕುತ್ತೀಯ, ಅದನ್ನಾದರೂ ತೋರಿಸು ಎಂದಳು. ಅವನು ತೋರಿಸಿದ.

ಮರುದಿನ ಅವಳು ಹೋಗಿ ಇಡೀ ದಿನ ಕೆರೆಯ ಹತ್ತಿರ ಕೂತಳು. ಎಲೆ ಅಡಿಕೆ ಹಾಕಿಕೊಂಡು ನೀರನ್ನು ನೋಡಿದಳು. ಬೆಸ್ತ ನಿಲ್ಲುತ್ತಿದ್ದದ್ದು ಏರಿಯ ಬೋಳು ತುದಿಯಲ್ಲಿ. ಅಲ್ಲಿ ಮರವಿಲ್ಲ, ಜೊಂಡಿಲ್ಲ, ನೆರಳಿಲ್ಲ. ಆದ್ದರಿಂದ ಮೀನೂ ಇಲ್ಲ. ಮೀನು ಇದ್ದದ್ದು ತೂಬಿನ ಕಲ್ಲಿನ ಹತ್ತಿರ. ಅಪ್ಪನ ಕಾಲದಲ್ಲಿ ಅಲ್ಲಿ ಬಯಲು ನೀರು ಇತ್ತು. ಬಿಸಿಲಿಗೆ ನೆರಳಾಗಲಿ ಎಂದು ಅಪ್ಪ ಕಲ್ಲಿನ ಪಕ್ಕ ಒಂದು ಹೊಂಗೆ ಸಸಿ ನೆಟ್ಟಿದ್ದ. ಅದು ಈಗ ದೊಡ್ಡ ಮರವಾಗಿ, ಕೊಂಬೆ ನೀರಿನ ಮೇಲೆ ಬಾಗಿತ್ತು. ಅದರ ನೆರಳಿಗೆ ಜೊಂಡು ಬೆಳೆದಿತ್ತು. ಜೊಂಡಿನ ಬುಡದಲ್ಲಿ ಕುಚ್ಚು ಮೀನು ಸಂಸಾರ ಹೂಡಿತ್ತು. ಹನ್ನೊಂದು ಮೊಳದ ಕೋಲನ್ನು ಆ ಮರದ ಕೆಳಗೆ ಎತ್ತಲು ಆಗುತ್ತಿರಲಿಲ್ಲ. ಅದಕ್ಕೆ ಬೆಸ್ತ ಎಷ್ಟೋ ವರ್ಷದಿಂದ ಬೋಳು ಜಾಗಕ್ಕೆ ಹೋಗುತ್ತಿದ್ದ.

ಇದನ್ನು ಚೆನ್ನಾಗಿ ಕೇಳಿಸಿಕೋ. ಮೀನು ಎಲ್ಲಿದೆಯೋ ಅಲ್ಲಿಗೆ ಅವನು ಹೋಗುತ್ತಿರಲಿಲ್ಲ. ಕೋಲು ಎಲ್ಲಿ ಆಡುತ್ತದೋ ಅಲ್ಲಿಗೆ ಹೋಗುತ್ತಿದ್ದ.

ಮುದುಕಿ ಮನೆಗೆ ಬಂದು ಅಟ್ಟದಿಂದ ಒಂದು ಗಟ್ಟಿಬಿದಿರು ಇಳಿಸಿದಳು. ನಾಲ್ಕು ದಿನ ಅದರ ಕೆಲಸಕ್ಕೆ ಕೂತಳು. ಬುಡ ಬಿಗಿ, ತುದಿ ಬಳುಕು, ಗೆಣ್ಣೆಲ್ಲ ನುಣುಪು. ಮರದ ಕೆಳಗೆ ಅಡ್ಡವಾಗಿ ಹಿಡಿದು ಗಾಳವನ್ನು ಬೇಕಾದ ಕಡೆ ಇಳಿಸಬಹುದು. ಮೀನು ಜೊಂಡಿಗೆ ನುಗ್ಗಿದರೆ ಬಿಡದೆ ತಡೆಯಬಹುದು. ಬುಡ ಮೊಣಕೈಗೆ ಆನಿಸಿಕೊಳ್ಳುವ ಹಾಗಿತ್ತು. ಕೋಲು ಹಿಡಿಯುವವನ ಸ್ವಂತ ತೋಳಿಗೆ ಹೊಂದದಿದ್ದರೆ ಅದು ಆಗುವುದಿಲ್ಲ. ಬೆಸ್ತ ಕೈ ಚಾಚಿರಲಿಲ್ಲ. ಅವನು ಏರಿಯ ಮೇಲೆ ನಡೆದಾಡುವಾಗ ನೋಡಿಯೇ ಅವಳು ಅಂದಾಜು ಮಾಡಿದ್ದಳು. ಕೋಲು ಐದೂವರೆ ಮೊಳ ಆಯಿತು.

ಬೆಸ್ತ ಬಂದು ನೋಡಿದ. ಅವನ ಮುಖ ಕಪ್ಪಿಟ್ಟಿತು. ಇದು ಮಕ್ಕಳಿಗೆ ಆಟವಾಡಲೋ ಎಂದ. ಇಷ್ಟು ಗಿಡ್ಡ ಕೋಲು ಹಿಡಿದು ಜನರ ಮುಂದೆ ನಿಂತರೆ ಅಪ್ಪನ ಹೆಸರು ಏನಾಗಬೇಕು ಎಂದ. ಆಮೇಲೆ ಸ್ವಲ್ಪ ತಣ್ಣಗಾಗಿ ಒಂದು ಜಾಣತನದ ಮಾತೂ ಆಡಿದ. ಉದ್ದ ಇದ್ದರೆ ಬೇಕಾದಾಗ ಕಡಿದುಕೊಳ್ಳಬಹುದು, ಗಿಡ್ಡ ಇದ್ದರೆ ಬೆಳೆಸಲು ಆಗುತ್ತದೆಯೇ ಎಂದು ಕೇಳಿದ.

“ತುದಿ ಕಡಿದರೆ ದೊಣ್ಣೆ ಆಗುತ್ತೆ. ಬುಡ ಕಡಿದರೆ ಬೆತ್ತ ಆಗುತ್ತೆ. ಕೋಲು ಯಾವಾಗ ಆಗುತ್ತೆ, ತಮ್ಮಾ?” ಎಂದಳು ಮುದುಕಿ.

ಅವನು ತಿರುಗಿ ನೋಡದೆ ಹೋದ. ಅವಳು ಕರೆಯಲಿಲ್ಲ. ಕೋಲನ್ನು ಸೂರಿನ ಕೆಳಗೆ ಸಿಕ್ಕಿಸಿದಳು. ಅವನು ಬರುತ್ತಾನೆಯೇ ಎಂದು ನೆರೆಯವಳು ಕೇಳಿದಳು. ಬಂದರೆ ಮೀನು ಹಿಡಿಯುತ್ತಾನೆ, ಬರದಿದ್ದರೆ ನಾನು ಬಟ್ಟೆ ಒಣಹಾಕುತ್ತೇನೆ ಎಂದಳು ಮುದುಕಿ. ಹಾಗೆ ಹೇಳಿದಳೇ ಹೊರತು ಆ ಕೋಲಿನ ಮೇಲೆ ಒಂದು ಒದ್ದೆ ಬಟ್ಟೆಯನ್ನೂ ಹಾಕಲಿಲ್ಲ.

ಬೆಸ್ತ ಸಂತೆಯ ಊರಿಗೆ ನಡೆದ. ಅಲ್ಲಿ ಬಿದಿರು ಮಾರುವವನೊಬ್ಬ ಇದ್ದ. ಯಾವ ನೀರು, ಯಾವ ಮೀನು, ಯಾರ ಮೊಳ ಎಂದು ಅವನು ಏನೂ ಕೇಳಲಿಲ್ಲ. ಹನ್ನೊಂದು ಎಂದರೆ ಹನ್ನೊಂದು. ಹದಿನೈದು ಎಂದಿದ್ದರೂ ಕೊಡುತ್ತಿದ್ದ. ತನ್ನ ಕೈಯಲ್ಲೇ ಮೊಳ ಹಾಕಿ ಅಳೆದು, ಕಡಿದು, ಹೆಗಲ ಮೇಲೆ ಇಟ್ಟ. ಹೀಗೆ ಬೆಸ್ತ ಅಪ್ಪನ ಮೊಳ ಎಂದು ಅಂಗಡಿಯವನ ಮೊಳ ಹೊತ್ತುಕೊಂಡು ಊರಿಗೆ ಬಂದ. ದಾರಿಯುದ್ದಕ್ಕೂ ಜನ ಜಾಗ ಬಿಟ್ಟರು. ಅವನಿಗೆ ಸಮಾಧಾನವಾಯಿತು.

ಒಂಬತ್ತನೆಯ ದಿನ ಬಂತು. ಬೆಳಿಗ್ಗೆಯೇ ಎರಡೂ ದಡದವರು ಸೇರಿದರು. ಆಚೆ ದಡದವರು ತಮ್ಮ ಕಡೆಯ ಒಬ್ಬನಿಗೆ ಯಜಮಾನನ ಹಾಗೆ ರುಮಾಲು ಸುತ್ತಿಸಿಯೇ ಕರೆತಂದಿದ್ದರು. ಬೆಸ್ತ ಬೋಳು ತುದಿಯಲ್ಲಿ ನಿಂತು ಕೋಲು ಬೀಸಿದ. ಗಾಳ ದೂರ ಹೋಗಿ ಬಿತ್ತು. ನೋಡಲು ಚೆನ್ನಾಗಿತ್ತು. ಈ ದಡದವರು ಹೆಮ್ಮೆಯಿಂದ ಆಚೆ ದಡದವರನ್ನು ನೋಡಿದರು. ಮತ್ತೆ ಬೀಸಿದ. ಮತ್ತೆ ಚೆನ್ನಾಗಿತ್ತು. ಬಿಸಿಲೇರಿತು. ಒಂದು ಮೀನೂ ಮುಟ್ಟಲಿಲ್ಲ.

ಆಗ ತೂಬಿನ ಕಲ್ಲಿನ ಹತ್ತಿರ ಗುಳುಂ ಎಂಬ ಸದ್ದು ಕೇಳಿತು. ಎಲ್ಲರೂ ಕೇಳಿಸಿಕೊಂಡರು. ದೊಡ್ಡ ಮೀನು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಗುಳುಂ ಎಂದಿತು.

ಬೆಸ್ತ ಹೊಂಗೆಯ ಕೆಳಗೆ ಬಂದ. ಕೋಲು ಎತ್ತಿದ. ಅದು ಕೊಂಬೆಗೆ ಬಡಿಯಿತು. ಬಗ್ಗಿಸಿ ಬೀಸಿದ. ಗಾಳ ಮರದಲ್ಲಿ ಸಿಕ್ಕಿಕೊಂಡಿತು. ಮೂರು ಸಲ ಹೀಗೆ ಆಯಿತು. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡವರ ಗಾದೆ ನಿನಗೆ ಗೊತ್ತು. ಇವನು ಅಪ್ಪ ನೆಟ್ಟ ಹೊಂಗೆ ಮರಕ್ಕೆ ಗಾಳ ಹಾಕಿದ ಎಂದು ಆಚೆ ದಡದ ಒಬ್ಬ ಗಟ್ಟಿಯಾಗಿ ಹೇಳಿದ. ಜನ ನಕ್ಕರು. ಈ ದಡದವರಲ್ಲೂ ಕೆಲವರು ನಕ್ಕರು. ಬೆಸ್ತನಿಗೆ ಅದೇ ಹೆಚ್ಚು ನೋವಾಯಿತು.

ಕೊಂಬೆ ಕಡಿದುಬಿಡು ಎಂದು ಯಾರೋ ಮಚ್ಚು ತಂದು ಕೊಟ್ಟರು. ಸೂರ್ಯ ನೆತ್ತಿಗೆ ಹತ್ತಿರವಾಗಿದ್ದ. ಬೆಸ್ತ ಮಚ್ಚು ಎತ್ತಿದ. ಕೊಂಬೆಯನ್ನು ನೋಡಿದ. ಆ ಸಸಿಗೆ ಅಪ್ಪ ಕೆರೆಯಿಂದ ಬೊಗಸೆಯಲ್ಲಿ ನೀರು ತಂದು ಹಾಕುತ್ತಿದ್ದದ್ದು ಅವನಿಗೆ ನೆನಪಾಯಿತು. ನಾನು ನಿಲ್ಲುವ ಜಾಗದಲ್ಲಿ ನೀನೂ ನಿಲ್ಲುತ್ತೀಯ, ನಿನ್ನ ತಲೆಗೆ ಬಿಸಿಲು ತಾಗಬಾರದು ಎಂದು ಅಪ್ಪ ಹೇಳಿದ್ದ. ಅಪ್ಪನ ಕೋಲಿನ ಉದ್ದ ಉಳಿಸಲು ಅಪ್ಪನ ಮರ ಕಡಿಯಬೇಕಾಗಿತ್ತು. ಆ ಕೋಲಾದರೂ ಅಪ್ಪನದಲ್ಲ, ಅಂಗಡಿಯವನದು. ಬೆಸ್ತನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಆಗದಿದ್ದ ನಾಚಿಕೆ ಒಂದೇ ಸಲ ಆಯಿತು.

ಅವನು ಮಚ್ಚು ಕೆಳಗಿಟ್ಟ. ಕೋಲನ್ನೂ ಕೆಳಗಿಟ್ಟ. ಎರಡೂ ದಡದವರ ನಡುವೆ ಬರಿಗೈಯಲ್ಲಿ ಊರಿನ ಕಡೆ ನಡೆದ. ಸೋತು ಹೋಗುತ್ತಿದ್ದಾನೆ ಎಂದು ಆಚೆ ದಡದವರು ಕೂಗಿದರು. ರುಮಾಲಿನವನು ರುಮಾಲು ಸರಿಮಾಡಿಕೊಂಡ. ಕೆಲವರು ಬೆಸ್ತನ ಹಿಂದೆ ಹೋದರು.

ಬೆಸ್ತ ಮೇದರ ಮುದುಕಿಯ ಅಂಗಳದಲ್ಲಿ ಹೋಗಿ ನಿಂತ. ಕೋಲು ಕೊಡು, ಅವ್ವಾ ಎಂದ. ಕೋಲು ಸೂರಿನಲ್ಲೇ ಇತ್ತು, ಕೈಯೆತ್ತಿದರೆ ಸಿಗುತ್ತಿತ್ತು. ಮುದುಕಿ ಅದಕ್ಕೆ ಅಡ್ಡ ನಿಂತಳು. ಕೈ ಚಾಚು ಎಂದಳು.

ಹೊತ್ತಿಲ್ಲ, ಸೂರ್ಯ ನೆತ್ತಿಗೆ ಬಂದ ಎಂದು ಜನ ಹೇಳಿದರು. ಅವಳು ಕದಲಲಿಲ್ಲ.

“ಅಳೆಯದೆ ಕೋಲು ಕೊಟ್ಟಳು ಅನ್ನೋ ಹೆಸರು ನನಗೆ ಬೇಡ,” ಎಂದಳು.

ಅವಳ ಹೆಮ್ಮೆ ನೋಡು. ಕೆರೆಯ ಯಜಮಾನಿಕೆ ಹೋಗುತ್ತಿತ್ತು, ಊರಿನ ಮಾನ ಹೋಗುತ್ತಿತ್ತು. ಅವಳಿಗೆ ಅಳತೆ ತಪ್ಪಬಾರದಾಗಿತ್ತು. ನನಗೆ ಈ ಕತೆಯಲ್ಲಿ ಅವಳ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರೀತಿ. ಅದನ್ನು ಮುಚ್ಚಿಡುವುದಿಲ್ಲ.

ಬೆಸ್ತ ಹೆಗಲ ವಸ್ತ್ರ ತೆಗೆದ. ಅಷ್ಟು ಜನರ ಮುಂದೆ ಮೋಟು ತೋಳನ್ನು ಚಾಚಿದ. ಮುದುಕಿ ಕೋಲನ್ನು ಇಳಿಸಿ ಅವನ ಮೊಣಕೈಯಿಂದ ನಡುಬೆರಳಿನ ತುದಿಗೆ ಒಂದೊಂದೇ ಮೊಳ ಎಣಿಸಿದಳು. ಐದು ಆಯಿತು. ಉಳಿದದ್ದು ಸರಿಯಾಗಿ ಅರ್ಧ ಮೊಳ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅವಳು ನಗಲಿಲ್ಲ. ಸುತ್ತ ನಿಂತಿದ್ದವರನ್ನು ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಕೋಲನ್ನು ಅವನ ಕೈಗೆ ಕೊಟ್ಟಳು.

ಬೆಸ್ತ ಓಡಿದ. ಕೇರಿಯ ತಿರುವಿನಲ್ಲಿ ಅವನು ನಿಲ್ಲಬೇಕಾಗಿ ಬರಲಿಲ್ಲ. ತೂಬಿನ ಕಲ್ಲಿನ ಮೇಲೆ, ಹೊಂಗೆಯ ನೆರಳಲ್ಲಿ ಮಂಡಿಯೂರಿ ಕೂತ. ಗಾಳಕ್ಕೆ ಒಂದು ಕಪ್ಪೆಮರಿ ಸಿಕ್ಕಿಸಿದ. ಕೋಲನ್ನು ಅಡ್ಡ ಹಿಡಿದು, ಕೊಂಬೆಯ ಕೆಳಗಿನಿಂದ, ಜೊಂಡಿನ ಎರಡು ಗಿಡಗಳ ನಡುವೆ ಅದನ್ನು ಇಳಿಸಿದ. ತಟ್ಟೆಯಲ್ಲಿ ತುತ್ತು ಇಟ್ಟ ಹಾಗೆ ಇಟ್ಟ. ನೀರು ಅಲುಗಲಿಲ್ಲ.

ಮೀನು ಕಚ್ಚಿತು. ಕಚ್ಚಿದ ಕೂಡಲೇ ಜೊಂಡಿನ ಬುಡಕ್ಕೆ ನುಗ್ಗಿತು. ಉದ್ದ ಕೋಲಾಗಿದ್ದರೆ ಬಾಗಿ ಬಾಗಿ ಮೀನಿಗೆ ದಾರಿ ಕೊಡುತ್ತಿತ್ತು. ದಾರ ಜೊಂಡಿಗೆ ಸುತ್ತಿಕೊಳ್ಳುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಈ ಕೋಲು ತುದಿಯಲ್ಲಿ ಬಾಗಿತು, ಬುಡದಲ್ಲಿ ಬಾಗಲಿಲ್ಲ. ಬೆಸ್ತ ಬುಡವನ್ನು ಮೊಣಕೈಗೆ ಒತ್ತಿಕೊಂಡು ಕೂತ. ಕೋಲು ಎಲ್ಲಿ ಮುಗಿಯಿತು, ತೋಳು ಎಲ್ಲಿ ಶುರುವಾಯಿತು ಎಂದು ಅವನಿಗೆ ತಿಳಿಯಲಿಲ್ಲ. ಗಿಡ್ಡ, ಗಟ್ಟಿ ತೋಳು. ತಾಯಿಯ ಕಡೆಯವರ ತೋಳು. ಅದು ಬಿಡಲಿಲ್ಲ. ಮೀನು ಮೂರು ಸಲ ಎಳೆಯಿತು, ನಾಲ್ಕನೆಯ ಸಲ ದಡಕ್ಕೆ ಬಂತು. ಸೂರ್ಯ ಇನ್ನೂ ನೆತ್ತಿಯಲ್ಲೇ ಇದ್ದ.

ಕಟ್ಟಳೆಯ ಪ್ರಕಾರ ಅಳೆಯಬೇಕಾಗಿತ್ತು. ಅಪ್ಪನ ಗುರುತು ಇರಲಿಲ್ಲ. ಬೆಸ್ತ ಕೈ ಚಾಚಿದ. ಈ ಸಲ ಯಾರೂ ಹೇಳಬೇಕಾಗಿ ಬರಲಿಲ್ಲ. ಊರ ಹಿರಿಯ ಮೀನನ್ನು ಅವನ ಮುಂಗೈಯ ಮೇಲೆ ಮಲಗಿಸಿದ. ಬಾಲ ಮೊಣಕೈ ದಾಟಿತು, ತಲೆ ಬೆರಳಿನ ತುದಿ ದಾಟಿತು. ಹಿರಿಯ ಅವನ ಅಪ್ಪನ ಮೊಳ ಕಂಡವನು. ಅಪ್ಪನ ಮೊಳಕ್ಕೂ ಇದು ಒಂದು ಬೆರಳು ಜಾಸ್ತಿಯೇ ಎಂದ. ಬೆಸ್ತ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಆಚೆ ದಡದವರೇ ಮೊದಲು ತಲೆದೂಗಿದರು. ರುಮಾಲಿನವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಬೆಸ್ತ ಐದೂವರೆ ಮೊಳದ ಕೋಲನ್ನು ಹೆಗಲಿಗೇರಿಸಿ ಕೇರಿಯಲ್ಲಿ ನಡೆದ. ಆ ಕೋಲು ಯಾರ ಹಂಚಿಗೂ ತಾಗುತ್ತಿರಲಿಲ್ಲ, ಯಾರ ಸೀರೆಯನ್ನೂ ಎಳೆಯುತ್ತಿರಲಿಲ್ಲ. ಯಾರೂ ದಾರಿ ಬಿಡಬೇಕಾದ ಅಗತ್ಯ ಇರಲಿಲ್ಲ. ಆದರೂ ಎಲ್ಲರೂ ಬಿಟ್ಟರು. ಮೇದರ ಮುದುಕಿಯ ಮನೆಯ ಮುಂದೆ ಮಾತ್ರ ಅವನೇ ಪಕ್ಕಕ್ಕೆ ಸರಿದು ನಿಂತು, ಕೊಡ ಹಿಡಿದು ಹೊರಬಂದ ಅವಳಿಗೆ ದಾರಿ ಬಿಟ್ಟ. ಅವಳು ಬಿಗಿದ ಮುಖದಲ್ಲೇ ನೀರಿಗೆ ಹೋದಳು. ಸ್ವಲ್ಪ ದೂರ ಹೋದ ಮೇಲೆ ನಕ್ಕಳು ಎಂದು ಕಂಡವರು ಹೇಳುತ್ತಾರೆ.

ಅಲ್ಲಿಂದ ಮುಂದೆ ಆ ಕೆರೆಯ ದಡದಲ್ಲಿ ಯಾರೇ ಕೋಲು ಮಾಡಿಸಲು ಹೋದರೂ ಮೊದಲು ಕೈ ಚಾಚಿ ನಿಂತು ಆಮೇಲೆ ಮಾತಾಡುವುದು ರೂಢಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಬೆಳಕು ಬಂತು. ಅರ್ಥವಾಯಿತು ಎಂದ. ಕುಂಬಾರರು ಇಡೀ ದಿನ ಮಣ್ಣು ತುಳಿದು ದಣಿದು ಬಂದಿರುತ್ತಾರೆ, ಅವರ ಮುಂದೆ ಒಂದು ಜಾವ ಮಾತಾಡುವುದು ತಪ್ಪು ಎಂದ. ನಿಮ್ಮ ಮಾತಿನಲ್ಲಿ ಯಾವುದ್ಯಾವುದನ್ನು ಬಿಡಬಹುದು ಎಂದು ಆಗಲೇ ಬೆರಳು ಮಡಿಸಿ ಎಣಿಸತೊಡಗಿದ. ಆದಿಯ ಶ್ಲೋಕ ಬಿಡಬಹುದು, ನಡುವಿನ ಎರಡು ಉಪಕತೆ ಬಿಡಬಹುದು. ಕೆಮ್ಮು ಒಂದನ್ನು ಬಿಡುವ ಯೋಚನೆ ಅವನಿಗೆ ಬರಲಿಲ್ಲ. ಎಣಿಸಿ ಮುಗಿಸಿ, ತೃಪ್ತಿಯಿಂದ ತಲೆ ಎತ್ತಿದ.

“ಹಾಗಾದರೆ ಅರ್ಧ ಜಾವ ಸಾಕೇ, ಗುರುಗಳೇ?”

“ಯಾರ ಮೊಳದಲ್ಲಿ?” ಎಂದರು ಗುರುಗಳು.

ಶಿಷ್ಯ ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ತನ್ನ ಕೈಯನ್ನು ಚಾಚಿ ನೋಡಿಕೊಂಡ.